ಚಲಾವಣೆ ಕಾಣದ ನಾಣ್ಯವನ್ನು ಪರೀಕ್ಷಿಸುವ ಬಗೆ

ಭಾರತ ಸರ್ಕಾರದ ಟಂಕಸಾಲೆಗಳು ಹೊರತರುವ ಸ್ಮರಣಾರ್ಥ ನಾಣ್ಯವನ್ನು ಕೊಳ್ಳುವ ಮುನ್ನ ಅದನ್ನು ಅಂಚಿನಲ್ಲಿ ಮಾತ್ರ ಹಿಡಿದು, ಒಂದೇ ದೀಪದ ಬೆಳಕಿನಡಿ ನಿಧಾನವಾಗಿ ಓರೆಯಾಗಿಸಬೇಕು. ಅಚ್ಚಿನ ಒತ್ತಡಕ್ಕೆ ಲೋಹ ಹೊರಮುಖವಾಗಿ ಹರಡಿ ಮೂಡಿದ ಹೊಳಪು ಕೆಡದಿದ್ದರೆ ಬೆಳಕಿನ ಪಟ್ಟಿಯೊಂದು ಗಾಲಿಯ ಅರಗಳಂತೆ ಮೇಲ್ಮೈಯಲ್ಲಿ ಸುತ್ತುತ್ತದೆ. ಉಜ್ಜಿ ತೊಳೆದ ನಾಣ್ಯ ಎಷ್ಟೇ ಮಿನುಗಿದರೂ ಈ ಸುತ್ತು ಅದರಲ್ಲಿರುವುದಿಲ್ಲ, ಬದಲಿಗೆ ಸಣ್ಣ ಗೀರುಗಳು ಕಾಣುತ್ತವೆ. ಆದ್ದರಿಂದ ದಯವಿಟ್ಟು ನಾಣ್ಯಕ್ಕೆ ಎಂದೂ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ.

ಬಳಿಕ ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ಅಶೋಕಸ್ತಂಭದ ಸಿಂಹಗಳ ಎದೆ, ಭಾವಚಿತ್ರದ ಕೆನ್ನೆ ಮುಂತಾದ ಉಬ್ಬುಗಳನ್ನು ನೋಡಿ. ಅಲ್ಲಿ ಹೊಳಪು ಮಾಸಿ ಬಣ್ಣ ಬದಲಾಗಿದ್ದರೆ ಅದು ಬಹುಮಟ್ಟಿಗೆ ಸವೆತ. ಚೂಪಾದ ಕಚ್ಚುಗಳಿದ್ದರೆ ಚೀಲದಲ್ಲಿ ನಾಣ್ಯಗಳು ಪರಸ್ಪರ ತಾಕಿದ ಗುರುತು. ಕಚ್ಚುಗಳಿದ್ದರೂ ನಾಣ್ಯ ಚಲಾವಣೆ ಕಾಣದ್ದೇ. ನಾಣ್ಯದ ಸ್ಥಿತಿಗೆ 1ರಿಂದ 70ರವರೆಗೆ ಅಂಕ ಕೊಡುವ ಶೆಲ್ಡನ್ ಮಾಪಕದಲ್ಲಿ ಚಲಾವಣೆ ಕಾಣದ ನಾಣ್ಯಗಳಿಗಿರುವ 60ರಿಂದ 70ರೊಳಗೆ ಅದರ ಅಂಕ ಮಾತ್ರ ಇಳಿಯುತ್ತದೆ.

ನಾಣ್ಯ ಯಾವ ಟಂಕಸಾಲೆಯದು ಎಂಬುದಕ್ಕೆ ಇಸವಿಯ ಕೆಳಗಿನ ಗುರುತು ನೋಡಿ: ವಜ್ರಾಕೃತಿ ಮುಂಬೈಯನ್ನು, ನಕ್ಷತ್ರ ಹೈದರಾಬಾದನ್ನು, ಚುಕ್ಕೆ ನೋಯ್ಡಾವನ್ನು ಸೂಚಿಸುತ್ತದೆ. ಕೋಲ್ಕತ್ತದ ನಾಣ್ಯಕ್ಕೆ ಗುರುತಿಲ್ಲ. ಬೆಲೆಯನ್ನು ಮಾರುವವರು ಕೇಳುವ ಮೊತ್ತದಿಂದಲ್ಲ, ಹರಾಜಿನಲ್ಲಿ ನಿಜವಾಗಿ ಮಾರಾಟವಾದ ದರದಿಂದ ಅಳೆಯಬೇಕು. ನನ್ನ ಮಟ್ಟಿಗೆ, ಟಂಕಸಾಲೆಯ ಮೂಲ ಪ್ಯಾಕಿನಲ್ಲೇ ಉಳಿದಿರುವ ಸೆಟ್ಟಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.