ಗರ್ಭಕೋಶ ತೆಗೆದರೆ ಕೆಲಸ ಮುಗಿಯಲಿಲ್ಲ: ನನ್ನ ಅನುಭವ

ಉಡುಪಿಯಲ್ಲಿ ನನ್ನ ಹತ್ತಿರ ಬರುವವರಲ್ಲಿ ಮೀನಿನ ಬುಟ್ಟಿ ಹೊತ್ತವರು, ಗದ್ದೆಯಲ್ಲಿ ದುಡಿದವರು ಜಾಸ್ತಿ. ಗರ್ಭಕೋಶ ಜಾರಿ ಯೋನಿಯೊಳಗೆ ಇಳಿದಿರುತ್ತದೆ, ಆದರೆ ‘ಕೆಳಗೆ ಏನೋ ಜಾರಿದೆ ಡಾಕ್ಟ್ರೇ’ ಎನ್ನುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ. ಮೂತ್ರ ಹೋಗಬೇಕಾದರೆ ಜಾರಿದ್ದನ್ನು ಬೆರಳಿನಿಂದ ಒಳಗೆ ತಳ್ಳಬೇಕು ಎಂಬುದನ್ನು ಹೆತ್ತ ಮಗಳಿಗೂ ಹೇಳಿರುವುದಿಲ್ಲ. ಇದು ನನಗೆ ತುಂಬಾ ಬೇಜಾರಿನ ವಿಷಯ.

ಎಲ್ಲರಿಗೂ ಆಪರೇಷನ್ ಬೇಕಾಗಿಲ್ಲ. ಕೆಲವರಿಗೆ ಪೆಸರಿ, ಅಂದರೆ ಒಳಗೆ ಇಡುವ ರಬ್ಬರ್ ಅಥವಾ ಸಿಲಿಕೋನ್ ರಿಂಗ್ ಸಾಕು.

ಆಪರೇಷನ್ ಅಂದರೆ ಗರ್ಭಕೋಶ ತೆಗೆಯುವುದು ಎಂದೇ ಬಹಳ ಜನ ತಿಳಿದಿದ್ದಾರೆ. ಆದರೆ ಸಡಿಲವಾದದ್ದು ಅದನ್ನು ಹಿಡಿದಿದ್ದ ಕಟ್ಟುಗಳು, ಅಲ್ವಾ? ಹೆರಿಗೆಯಲ್ಲಿ ಹಿಗ್ಗಿದ ಕಟ್ಟುಗಳು ಮುಟ್ಟು ನಿಂತ ಮೇಲೆ ಇನ್ನಷ್ಟು ಸೋಲುತ್ತವೆ. ಗರ್ಭಕೋಶ ತೆಗೆದು ಸುಮ್ನೆ ಹೊಲಿದು ಬಿಟ್ಟರೆ ಮುಂದೆ ಯೋನಿಯ ಮೇಲ್ತುದಿಯೇ ಜಾರಿ ಹೊರಗೆ ಬರಬಹುದು. ಹಾಗಾಗಿ ಮೇಲ್ತುದಿಯನ್ನು ಕಟ್ಟದೆ ನಾನು ಆಪರೇಷನ್ ಮುಗಿಸುವುದಿಲ್ಲ.

ಜಾಸ್ತಿ ಜಾರಿದ್ದರೆ ಬಲಗಡೆಯ ಸಾಕ್ರೋಸ್ಪೈನಸ್ ಲಿಗಮೆಂಟಿಗೆ, ಅಂದರೆ ಸೊಂಟದ ಹಿಂಬದಿಯ ಎಲುಬುಗಳ ನಡುವಿನ ಗಟ್ಟಿ ಕಟ್ಟಿಗೆ, ಕಟ್ಟುತ್ತೇನೆ. ಅಲ್ಲಿ ಕಣ್ಣಿಗಿಂತ ಬೆರಳೇ ಮುಖ್ಯ. ಮೊದಲು ಇಸ್ಕಿಯಲ್ ಸ್ಪೈನ್ ಎಂಬ ಎಲುಬಿನ ಮೊನೆ ಸಿಗುತ್ತದೆ. ಅಲ್ಲಿಂದ ಒಳಕ್ಕೆ ಬಿಗಿದ ಹಗ್ಗದ ಹಾಗೆ ಲಿಗಮೆಂಟ್. ಮೊನೆಯಿಂದ ಸುಮಾರು 2 ಸೆಂ.ಮೀ. ಒಳಗೆ ಹೊಲಿಗೆ ಹಾಕುತ್ತೇನೆ. ಮೊನೆಯ ಹಿಂದೆಯೇ ಜನನಾಂಗದ ಭಾಗಕ್ಕೆ ಹೋಗುವ ಪ್ಯುಡೆಂಡಲ್ ನರ, ರಕ್ತನಾಳ ಹಾದು ಹೋಗುತ್ತವೆ. ಇಲ್ಲಿ ಅವಸರ ಸಲ್ಲದು. ಕೆಲವರಿಗೆ ಆ ಕಡೆಯ ಕುಂಡೆ ಕೆಲವು ವಾರ ನೋಯುತ್ತದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಹೆದರುವುದಿಲ್ಲ.

ಅಷ್ಟು ಜಾರಿರದಿದ್ದರೆ ಗರ್ಭಕೋಶವನ್ನು ಹಿಂದಿನ ಎಲುಬಿಗೆ ಹಿಡಿದಿದ್ದ ಯುಟೆರೋಸೇಕ್ರಲ್ ಲಿಗಮೆಂಟಿಗೇ ಕಟ್ಟಬಹುದು. ಆದರೆ ಕಿಡ್ನಿಯಿಂದ ಮೂತ್ರಕೋಶಕ್ಕೆ ಮೂತ್ರ ತರುವ ನಾಳ ಅಲ್ಲೇ ಪಕ್ಕದಲ್ಲಿದೆ. ಹೊಲಿಗೆ ಬಿಗಿದ ಮೇಲೆ ಸಿಸ್ಟೋಸ್ಕೋಪ್, ಅಂದರೆ ಮೂತ್ರಕೋಶದ ಒಳಗೆ ನೋಡುವ ಕೊಳವೆ ಹಾಕಿ, ಎರಡೂ ಕಡೆಯಿಂದ ಮೂತ್ರ ಚಿಮ್ಮುವುದನ್ನು ಕಣ್ಣಾರೆ ನೋಡಿಯೇ ಮುಂದೆ ಹೋಗುತ್ತೇನೆ. ಆಮೇಲೆ ಮೂತ್ರಕೋಶ, ಗುದದ ಕಡೆಯ ಗೋಡೆಗಳ ರಿಪೇರಿ.

ಯೋನಿಯ ಮೂಲಕ ಮೆಶ್, ಅಂದರೆ ಜಾರಿದ್ದನ್ನು ಹಿಡಿಯುವ ಬಲೆ, ನಾನು ಹಾಕುವುದಿಲ್ಲ. 2019ರಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಕೆಲಸಕ್ಕೆ ಅದರ ಮಾರಾಟವನ್ನೇ ನಿಲ್ಲಿಸಿತು. ಇನ್ನೂ ಮಕ್ಕಳು ಬೇಕು ಎನ್ನುವವರಿಗೆ ಗರ್ಭಕೋಶ ಉಳಿಸಿಕೊಂಡು, ಹೊಟ್ಟೆಯ ಮೂಲಕ ಎತ್ತಿ ಕಟ್ಟುವ ದಾರಿಯಿದೆ. ನಮ್ಮ ದೇಶದವರೇ ಆದ ಡಾ. ಶಿರೋಡ್ಕರ್ ಅವರ ಸ್ಲಿಂಗ್, ಅಂದರೆ ಜೋಲಿಯಂಥ ಪಟ್ಟಿ, ಅಂಥದ್ದು.

ಮನೆಗೆ ಕಳಿಸುವಾಗ ಮಗ, ಸೊಸೆಯನ್ನೂ ಕೂರಿಸಿಕೊಂಡು ಮಾತಾಡುತ್ತೇನೆ. ಕಡಿಮೆಯೆಂದರೂ 6 ವಾರ ಭಾರ ಎತ್ತುವ ಹಾಗಿಲ್ಲ. ಬಾವಿಯ ನೀರು ಸೇದುವುದು, ಗ್ಯಾಸ್ ಸಿಲಿಂಡರ್ ಎತ್ತುವುದು ನಿಮ್ಮ ಪಾಲಿಗೆ ಎನ್ನುತ್ತೇನೆ. ಮಲಬದ್ಧತೆ, ಹಳೆ ಕೆಮ್ಮು ಇದ್ದರೆ ಅದಕ್ಕೂ ಮದ್ದು ಬೇಕೇ ಬೇಕು. ತಿಣುಕಿದರೂ ಕೆಮ್ಮಿದರೂ ಒತ್ತಡ ಬೀಳುವುದು ಹೊಸ ಹೊಲಿಗೆಯ ಮೇಲೆಯೇ.