ನೆರವು ಬಂದ ತಿಂಗಳು: ತಾಂಜಾನಿಯಾದಲ್ಲಿ ನಾನು ಸುಧಾರಣೆಯನ್ನು ಅಳೆದ ಬಗೆ

ವಿದೇಶಿ ನೆರವಿನ ಸುಧಾರಣೆ ಫಲ ಕೊಟ್ಟಿದೆಯೇ ಎಂದು ನೋಡಲು ಹೊರಟವರು ಸಾಮಾನ್ಯವಾಗಿ ದಾನಿ ರಾಷ್ಟ್ರಗಳ ವರದಿಗಳನ್ನು ಮೊದಲು ಕೈಗೆತ್ತಿಕೊಳ್ಳುತ್ತಾರೆ. ತಾಂಜಾನಿಯಾದಲ್ಲಿ ಮೌಲ್ಯಮಾಪನದ ಕೆಲಸ ಮಾಡುವಾಗ ನಾನು ಖಜಾನೆಯ ಲೆಕ್ಕದಿಂದ ಶುರು ಮಾಡಿದೆ. ಕರ್ನಾಟಕದಲ್ಲಿ ಜಿಲ್ಲಾ ಪಂಚಾಯಿತಿಗಳ ಲೆಕ್ಕ ನೋಡಿ ಅಭ್ಯಾಸವಿದ್ದ ನನಗೆ ಅದೇ ಸಹಜವೆನಿಸಿತು. ಮಾರ್ಚ್ ಕೊನೆಯ ವಾರ ಬಿಡುಗಡೆಯಾದ ಅನುದಾನ ಕಾಗದದಲ್ಲಿ ಪೂರ್ತಿ ಬಂದಂತೆಯೇ ಕಾಣುತ್ತದೆ, ಆದರೆ ಆ ವರ್ಷದ ಕೆಲಸಕ್ಕೆ ಅದು ಒದಗುವುದಿಲ್ಲ. ತಾಂಜಾನಿಯಾದ ಆರ್ಥಿಕ ವರ್ಷ ಜುಲೈನಿಂದ ಜೂನ್‌ವರೆಗೆ. ಎಷ್ಟು ಹಣ ಬಂತು ಎನ್ನುವುದರ ಜೊತೆಗೆ ಯಾವ ತಿಂಗಳು ಬಂತು ಎಂದೂ ಕೇಳಬೇಕು ಎಂಬ ನಿಲುವನ್ನು ನಾನು ಅಲ್ಲಿಗೆ ಹೋಗುವಾಗಲೇ ತಳೆದಿದ್ದೆ.

ಈ ದೇಶವನ್ನೇ ಆರಿಸಲು ಕಾರಣವಿದೆ. 1990ರ ದಶಕದ ಆರಂಭದಲ್ಲಿ ಸರ್ಕಾರಕ್ಕೂ ದಾನಿಗಳಿಗೂ ಸಂಬಂಧ ಹದಗೆಟ್ಟಿತ್ತು. ಡೆನ್ಮಾರ್ಕ್ ಬೆಂಬಲದಿಂದ ಸ್ವತಂತ್ರ ತಂಡವೊಂದು ರಚನೆಯಾಯಿತು. ಕೆನಡಾದ ಅರ್ಥಶಾಸ್ತ್ರಜ್ಞ ಜೆರಾಲ್ಡ್ ಹೆಲೈನರ್ ಅದರ ಮುಖ್ಯಸ್ಥರು. 1995ರಲ್ಲಿ ಬಂದ ಅವರ ವರದಿ ಎರಡೂ ಕಡೆಯವರ ತಪ್ಪನ್ನು ಎತ್ತಿ ತೋರಿಸಿತು. ಸ್ವಂತ ಕಾರ್ಯಕ್ರಮದ ಮೇಲೆ ಸರ್ಕಾರಕ್ಕೆ ಹಿಡಿತವಿಲ್ಲ, ದಾನಿಗಳ ಮೂಗು ತೂರಿಸುವಿಕೆ ಅತಿಯಾಗಿದೆ ಎಂದಿತು. ನೆರವನ್ನು ಹೇಗೆ ಕೊಡಬೇಕು, ಹೇಗೆ ಬಳಸಬೇಕು ಎಂದು ದಾನಿ ದೇಶಗಳೂ ನೆರವು ಪಡೆಯುವ ದೇಶಗಳೂ ಒಪ್ಪಿಕೊಂಡ 2005ರ ಪ್ಯಾರಿಸ್ ಘೋಷಣೆ ಜಗತ್ತಿಗೆ ಹೇಳಿದ್ದರಲ್ಲಿ ಬಹುಪಾಲು ಹತ್ತು ವರ್ಷ ಮೊದಲೇ ಇಲ್ಲಿ ಮಾತಿಗೆ ಬಂದಿತ್ತು. ಬಜೆಟ್ ತಯಾರಿಯ ತಿಂಗಳುಗಳಲ್ಲಿ ದಾನಿಗಳ ನಿಯೋಗಗಳು ಬರಬಾರದು ಎಂಬ 'ಮೌನದ ಅವಧಿ'ಯ ನಿಯಮವೂ ಮುಂದೆ ಬಂತು. ಹಣಕಾಸು ಸಚಿವಾಲಯದ ಅಧಿಕಾರಿಗಳಿಗೆ ತಮ್ಮ ಕೆಲಸ ಮಾಡಿಕೊಳ್ಳಲು ಬಿಡುವು ಕೊಡುವ ಈ ಸಣ್ಣ ನಿಯಮ ಇಡೀ ಸುಧಾರಣೆಯಲ್ಲೇ ನನಗೆ ಅತಿ ಇಷ್ಟವಾದದ್ದು.

ನನ್ನ ಹಾಳೆಯಲ್ಲಿ ಮೂರು ಕಾಲಂ. ದಾನಿ ಮಾತು ಕೊಟ್ಟ ಮೊತ್ತ ಮತ್ತು ತಿಂಗಳು, ಖಜಾನೆಗೆ ಹಣ ಜಮೆಯಾದ ತಾರೀಕು, ಜಿಲ್ಲಾ ಕೌನ್ಸಿಲ್‌ಗೆ ಹಣ ತಲುಪಿದ ತಾರೀಕು. ನೆರವು ಬಗೆಬಗೆಯದು: ನೇರವಾಗಿ ಬಜೆಟ್‌ಗೆ ಸೇರುವ ಹಣ (ಬಜೆಟ್ ಬೆಂಬಲ), ಹಲವು ದಾನಿಗಳು ಸೇರಿ ಒಂದೇ ಬುಟ್ಟಿಗೆ ಹಾಕುವ ಹಣ (ಆರೋಗ್ಯ ಕ್ಷೇತ್ರದಲ್ಲಿ ಇದು 1999ರಲ್ಲಿ ಶುರುವಾಯಿತು), ಮತ್ತು ಒಬ್ಬೊಬ್ಬ ದಾನಿಯ ಪ್ರತ್ಯೇಕ ಯೋಜನೆಗಳು. ಒಂದೊಂದಕ್ಕೂ ಬೇರೆ ಹಾಳೆ ಮಾಡಿದೆ. ಬಜೆಟ್ ಬೆಂಬಲದ ಹಾಳೆ ತುಂಬಲು ಕಷ್ಟವಾಗಲಿಲ್ಲ. ಯೋಜನೆಗಳ ಹಾಳೆಯಲ್ಲಿ ಖಾಲಿ ಮನೆಗಳೇ ಹೆಚ್ಚು, ಏಕೆಂದರೆ ಹಣ ಖಜಾನೆಯ ಕಣ್ಣಿಗೇ ಬೀಳದೆ ಯೋಜನಾ ಘಟಕದ ಬ್ಯಾಂಕ್ ಖಾತೆಗೆ ಹೋಗುತ್ತಿತ್ತು. ಆ ಖಾಲಿ ಮನೆಗಳನ್ನು ನಾನು 'ಮಾಹಿತಿ ಲಭ್ಯವಿಲ್ಲ' ಎಂದು ಬರೆದು ಬಿಟ್ಟುಬಿಡಲಿಲ್ಲ. ಅವನ್ನೇ ಎಣಿಸಿದೆ. ಸುಧಾರಣೆ ಎಲ್ಲಿಯವರೆಗೆ ಬಂದು ನಿಂತಿದೆ ಎಂಬುದನ್ನು ಅವೇ ತೋರಿಸುತ್ತಿದ್ದವು.

ಮೂರನೇ ಕಾಲಂ ಹಿಡಿದು ಶಾಲೆಗಳಿಗೆ ಹೋಗಬೇಕಾಯಿತು. ಪ್ರಾಥಮಿಕ ಶಾಲೆಯ ಶುಲ್ಕ 2001ರಲ್ಲಿ ರದ್ದಾಗಿತ್ತು. 2000ದಲ್ಲಿ ಸುಮಾರು 44 ಲಕ್ಷವಿದ್ದ ದಾಖಲಾತಿ 2005ರ ಹೊತ್ತಿಗೆ 75 ಲಕ್ಷ ದಾಟಿತು. ಪ್ರತಿ ಮಗುವಿಗೆ ವರ್ಷಕ್ಕೆ 10 ಡಾಲರ್‌ನಷ್ಟು ಹಣ ಶಾಲೆಗೆ ಹೋಗಬೇಕೆಂಬ ನಿಯಮವಿತ್ತು, ತಲುಪುತ್ತಿದ್ದದ್ದು ಅದಕ್ಕಿಂತ ಕಡಿಮೆ. ಮುಖ್ಯ ಶಿಕ್ಷಕರನ್ನು 'ನೆರವಿನಿಂದ ಅನುಕೂಲವಾಯಿತೇ?' ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಹಣ ದಾನಿಯದೋ ಸರ್ಕಾರದ್ದೋ ಅವರಿಗೇನು ಗೊತ್ತು? ಪಾಸ್‌ಬುಕ್ ತೋರಿಸಿ, ಪುಸ್ತಕ ಕೊಂಡ ಬಿಲ್ ತೋರಿಸಿ ಎಂದರೆ ಎಲ್ಲವೂ ಬಿಚ್ಚಿಕೊಳ್ಳುತ್ತದೆ. ದಾನಿಯಿಂದ ಖಜಾನೆಗೆ ಆದ ವಿಳಂಬವೆಷ್ಟು, ಖಜಾನೆಯಿಂದ ಶಾಲೆಗೆ ಆದದ್ದೆಷ್ಟು ಎಂದು ಬೇರ್ಪಡಿಸುವುದು ಹೀಗೆ ಸಾಧ್ಯವಾಯಿತು. ಇಬ್ಬರೂ ಒಬ್ಬರ ಮೇಲೊಬ್ಬರು ಹೊರಿಸುತ್ತಿದ್ದ ದೂರು ಇದು.

ದಾಖಲಾತಿ ಏರಿದ್ದನ್ನು ಪೂರ್ತಿ ನೆರವಿನ ಸುಧಾರಣೆಯ ಖಾತೆಗೆ ಬರೆಯುವಂತಿಲ್ಲ. 2001ರಲ್ಲೇ ದೇಶಕ್ಕೆ ದೊಡ್ಡ ಸಾಲಮನ್ನಾ ಸಿಕ್ಕಿತ್ತು, ಚಿನ್ನದ ರಫ್ತು ಬೆಳೆದಿತ್ತು, ಶುಲ್ಕ ರದ್ದು ಮಾಡಿದ್ದು ಸರ್ಕಾರದ ರಾಜಕೀಯ ತೀರ್ಮಾನ. ಹೀಗಾಗಿ ನಾನು ಹಕ್ಕು ಮಂಡಿಸಿದ್ದು ಇಷ್ಟಕ್ಕೆ ಮಾತ್ರ: ಹಣ ಬಜೆಟ್ ಮೂಲಕ ಬಂದದ್ದರಿಂದಲೇ ದೇಶದ ಎಲ್ಲ ಜಿಲ್ಲೆಗಳಿಗೂ ಒಂದೇ ಸೂತ್ರದಂತೆ ಹಂಚಲು ಆಯಿತು. ಪ್ರತ್ಯೇಕ ಯೋಜನೆಗಳು ತಾವು ಆರಿಸಿಕೊಂಡ ಜಿಲ್ಲೆಗಳಾಚೆ ಹೋಗುವುದಿಲ್ಲ. ಮಕ್ಕಳು ಓದಲು ಕಲಿತರೇ ಎಂಬುದಕ್ಕೆ ಮಕ್ಕಳ ಓದು, ಲೆಕ್ಕದ ಮಟ್ಟವನ್ನು ಪರೀಕ್ಷಿಸುವ, 2010ರಲ್ಲಿ ಶುರುವಾದ 'ಉವೇಜೊ' ಸಮೀಕ್ಷೆಗಳ ಉತ್ತರ ನೋವಿನದು. ಅದನ್ನೂ ವರದಿಯಲ್ಲಿ ಬರೆದೆ.

ಜಾಗತಿಕ ಚಿತ್ರವೂ ನನ್ನ ಹಾಳೆಗಿಂತ ಬೇರೆಯಾಗಿರಲಿಲ್ಲ. 2010ಕ್ಕೆಂದು ಪ್ಯಾರಿಸ್ ಘೋಷಣೆ ಇಟ್ಟಿದ್ದ 13 ಗುರಿಗಳಲ್ಲಿ ಮುಟ್ಟಿದ್ದು ಒಂದೇ. ನೆರವು ಪಡೆಯುವ ಹಲವು ದೇಶಗಳು ತಮ್ಮ ಲೆಕ್ಕಪತ್ರ ವ್ಯವಸ್ಥೆ ಸರಿಪಡಿಸಿಕೊಂಡವು. ಆದರೆ ದಾನಿಗಳು ಅದೇ ಪ್ರಮಾಣದಲ್ಲಿ ಅದನ್ನು ಬಳಸಲಿಲ್ಲ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ವಿದ್ಯುತ್ ಕ್ಷೇತ್ರದ ಎಸ್ಕ್ರೋ ಖಾತೆಯ (ವಿವಾದ ತೀರುವವರೆಗೆ ಮೂರನೆಯವರ ಬಳಿ ಹಣ ಇಡುವ ಖಾತೆ) ಹಗರಣ ಹೊರಬಂದ ಮೇಲೆ, 2014ರ ಅಕ್ಟೋಬರ್‌ನಲ್ಲಿ ದಾನಿಗಳ ಗುಂಪು ಬಜೆಟ್ ಬೆಂಬಲವನ್ನು ತಡೆಹಿಡಿಯಿತು. ಅವರ ಸಿಟ್ಟು ಸರಿಯಾದದ್ದೇ. ಆದರೆ ಬಜೆಟ್ ಅಂಗೀಕಾರವಾಗಿ ತಿಂಗಳುಗಳಾಗಿದ್ದವು. ವರ್ಷದ ನಡುವೆ ನಿಲ್ಲಿಸಿದ ಹಣದ ಕೊರತೆ ಕದ್ದವರ ಮೇಲೆ ಬೀಳುವುದಿಲ್ಲ, ಆಸ್ಪತ್ರೆ, ಶಾಲೆಗಳ ಮೇಲೆ ಬೀಳುತ್ತದೆ. ಈಗ ಯಾವ ದೇಶದ ಒಪ್ಪಂದ ಓದಿದರೂ ನಾನು ಮೊದಲು ಹುಡುಕುವುದು ಒಂದೇ ಷರತ್ತು: ದೂರು ಬಂದರೆ ಕಡಿತವಾಗುವುದು ಈ ವರ್ಷದ ಕಂತೋ, ಮುಂದಿನ ವರ್ಷದ್ದೋ?