2563ರ ಫೆಬ್ರುವರಿ 29

ಸದಸ್ಯತ್ವ ಮುಗಿಯುವ ಮುನ್ನ ಬಳಕೆದಾರರನ್ನು ಎಚ್ಚರಿಸುವ ಒಂದು ಆ್ಯಪ್ ನನ್ನ ಉಸ್ತುವಾರಿಯಲ್ಲಿತ್ತು. ಒಂದು ದಿನ ಸರ್ವರ್ ಒಂದು ದಿನಾಂಕವನ್ನು ತಿರಸ್ಕರಿಸಿತು: 2563ರ ಫೆಬ್ರುವರಿ 29. 2563 ಅಧಿಕ ವರ್ಷವಲ್ಲ, ಹಾಗಾಗಿ ಅಂಥ ದಿನವೇ ಇಲ್ಲ. ಆದರೆ ಅದರಲ್ಲಿ 543 ಕಳೆದರೆ 2020, ಅದು ಅಧಿಕ ವರ್ಷ. ಬಳಕೆದಾರರ ಮೊಬೈಲ್‌ನಲ್ಲಿ ಥಾಯ್ ಬೌದ್ಧ ಕ್ಯಾಲೆಂಡರ್ ಆಯ್ಕೆಯಾಗಿತ್ತು; ಅದರ ವರ್ಷದ ಎಣಿಕೆ ನಮ್ಮದಕ್ಕಿಂತ 543 ಮುಂದೆ. ದಿನಾಂಕವನ್ನು ಅಕ್ಷರಗಳಾಗಿಸುವಾಗ ನನ್ನ ಕೋಡ್ ಆ ಸೆಟ್ಟಿಂಗನ್ನೇ ಅನುಸರಿಸಿ, ಬಂದದ್ದನ್ನು ಹಾಗೆಯೇ ಸರ್ವರ್‌ಗೆ ಕಳಿಸುತ್ತಿತ್ತು.

ನನ್ನನ್ನು ಕಳವಳಕ್ಕೀಡುಮಾಡಿದ್ದು ತಿರಸ್ಕೃತವಾದ ಆ ಒಂದು ದಿನವಲ್ಲ. ಫೆಬ್ರುವರಿ 28, ಮಾರ್ಚ್ 1 ಎಲ್ಲವೂ 2563ರ ಹೆಸರಿನಲ್ಲಿ ಸದ್ದಿಲ್ಲದೆ ಡೇಟಾಬೇಸ್ ಸೇರಿದ್ದವು. ಹುಡುಕುತ್ತಾ ಹೋದಾಗ 1441 ಎಂಬ ವರ್ಷಗಳೂ ಸಿಕ್ಕವು. ಅವು ಹಿಜರಿ, ಅಂದರೆ ಚಂದ್ರನನ್ನು ಅನುಸರಿಸುವ ಇಸ್ಲಾಮಿಕ್ ಕ್ಯಾಲೆಂಡರ್‌ನವು.

ಬೌದ್ಧ ವರ್ಷವಾದರೆ ಕಳೆದು ಸರಿಪಡಿಸಬಹುದು, ಹಿಜರಿಗೆ ಅದು ನಡೆಯದು. ಅಲ್ಲಿ ತಿಂಗಳಿಗೆ 29 ಅಥವಾ 30 ದಿನ, ವರ್ಷಕ್ಕೆ 354 ಅಥವಾ 355. ‘ಒಂದು ತಿಂಗಳ ಸದಸ್ಯತ್ವ’ ಎಂದು ಮಾತು ಕೊಟ್ಟದ್ದು ಯಾವ ಕ್ಯಾಲೆಂಡರ್‌ನಲ್ಲಿ ಎಂಬುದರ ಮೇಲೆ ಕೊನೆಯ ದಿನವೇ ಬದಲಾಗುತ್ತದೆ. ಹೀಗಾಗಿ ತಿಂಗಳು ಕೂಡುವ ಕೆಲಸವನ್ನು ಮಾತು ಕೊಟ್ಟ ಕ್ಯಾಲೆಂಡರ್‌ನಲ್ಲೇ ಮಾಡಿ, ಆಮೇಲೆ ಪರಿವರ್ತಿಸುತ್ತೇನೆ. ಜಾವಾ ಪ್ರೋಗ್ರಾಮಿಂಗ್ ಭಾಷೆಯ ಹಿಜರಿ ಕ್ಯಾಲೆಂಡರ್ ಸೌದಿ ಅರೇಬಿಯಾದ ಅಧಿಕೃತ ಕ್ಯಾಲೆಂಡರ್ ಆದ ಉಮ್ ಅಲ್-ಕುರಾ ಲೆಕ್ಕವನ್ನು ಅನುಸರಿಸುತ್ತದೆ. ಚಂದ್ರದರ್ಶನದಿಂದ ತಿಂಗಳು ನಿಶ್ಚಯಿಸುವವರಿಗೆ ದಿನ ಹಿಂದುಮುಂದಾಗಬಹುದು. ಇದನ್ನು ಬಳಕೆದಾರರಿಗೆ ತೆರೆಯ ಮೇಲೆಯೇ ತಿಳಿಸಬೇಕು ಎಂದು ಪಟ್ಟು ಹಿಡಿದೆ.

ಸರ್ವರ್‌ಗೆ ಹೋಗುವ ದಿನಾಂಕ ಈಗ ಗ್ರೆಗೋರಿಯನ್ (ನಾವು ದಿನನಿತ್ಯ ಬಳಸುವ ಕ್ಯಾಲೆಂಡರ್), ವರ್ಷ-ತಿಂಗಳು-ದಿನ ಎಂದು ಬರೆಯುವ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 8601 ರೂಪದಲ್ಲಿ. ಇದನ್ನು ಕೋಡ್‌ನಲ್ಲಿ ಹೆಸರಿಸಿಯೇ ಬರೆದಿದ್ದೇನೆ. ಬಳಕೆದಾರರ ಕ್ಯಾಲೆಂಡರ್ ಕಾಣುವುದು ತೆರೆಯ ಮೇಲೆ ಮಾತ್ರ.

ಮುಂದೆ ಹಳೆಯ ದಾಖಲೆಗಳ ಸಂಗ್ರಹವೊಂದರಲ್ಲಿ ಕೆಲಸ ಮಾಡುವಾಗ ಇದೇ ತೊಂದರೆ ಬೇರೆ ರೂಪದಲ್ಲಿ ಎದುರಾಯಿತು. ಜಾವಾದ ಹಳೆಯ ದಿನಾಂಕ ಸಾಧನವಾದ ಗ್ರೆಗೋರಿಯನ್‌ಕ್ಯಾಲೆಂಡರ್ 1582ರ ಅಕ್ಟೋಬರ್ 15ಕ್ಕೆ ಹಿಂದಿನದನ್ನೆಲ್ಲ ಜೂಲಿಯನ್ (ಗ್ರೆಗೋರಿಯನ್‌ಗೆ ಮುಂಚೆ ಯುರೋಪಿನಲ್ಲಿದ್ದ ಕ್ಯಾಲೆಂಡರ್) ಎಂದು ಎಣಿಸುತ್ತದೆ. ಅದರ ಹೊಸ ಸಾಧನ ಲೋಕಲ್‌ಡೇಟ್ ಗ್ರೆಗೋರಿಯನ್ ನಿಯಮವನ್ನೇ ಹಿಂದಕ್ಕೂ ಚಾಚುತ್ತದೆ. ಒಂದರಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ಓದಿದಾಗ 1550ರ ದಾಖಲೆಗಳು ಹತ್ತು ದಿನ ಜರುಗಿದವು. ಬದಲಾವಣೆಯ ದಿನವೂ ಎಲ್ಲ ಕಡೆ ಒಂದೇ ಅಲ್ಲ: ಬ್ರಿಟನ್ 1752ರಲ್ಲಿ, ರಷ್ಯಾ 1918ರಲ್ಲಿ ಬದಲಾಯಿಸಿಕೊಂಡವು. ನ್ಯೂಟನ್ ಹುಟ್ಟಿದ್ದು ಅಂದಿನ ಇಂಗ್ಲೆಂಡಿನ ಲೆಕ್ಕದಲ್ಲಿ 1642ರ ಡಿಸೆಂಬರ್ 25, ಗ್ರೆಗೋರಿಯನ್‌ನಲ್ಲಿ 1643ರ ಜನವರಿ 4. ಎರಡೂ ಸರಿ.

ಅಲ್ಲಿ ನನಗೆ ನೆರವಾದದ್ದು ಜೂಲಿಯನ್ ದಿನಸಂಖ್ಯೆ, ಅಂದರೆ ತಿಂಗಳು-ವರ್ಷಗಳ ಹಂಗಿಲ್ಲದೆ ದಿನಗಳನ್ನು ಒಂದೇ ಸಮನೆ ಎಣಿಸುವ ಸಂಖ್ಯೆ. 1582ರ ಅಕ್ಟೋಬರ್ 4ಕ್ಕೆ 2299160, ಅದರ ಮರುದಿನವಾದ 15ಕ್ಕೆ 2299161. ಹೆಸರು ಹತ್ತು ದಿನ ಜಿಗಿದರೂ ಎಣಿಕೆ ಕಡಿಯುವುದಿಲ್ಲ. ಪ್ರತಿ ದಾಖಲೆಗೂ ಈ ಸಂಖ್ಯೆಯ ಜೊತೆ ಮೂಲದಲ್ಲಿದ್ದ ಬರಹವನ್ನೂ ಅದರ ಕ್ಯಾಲೆಂಡರ್ ಹೆಸರನ್ನೂ ಇಟ್ಟೆ. ಪರಿವರ್ತನೆ ತಪ್ಪಿದ್ದರೆ ಮುಂದೆ ಯಾರಾದರೂ ಮೂಲದಿಂದಲೇ ಮತ್ತೆ ಲೆಕ್ಕ ಹಾಕಬಹುದು.

ಆ್ಯಪ್‌ನ ಡೇಟಾಬೇಸ್‌ನಲ್ಲಿ ಅಂಥ ಮೂಲ ಬರಹ ಉಳಿಸಿರಲಿಲ್ಲ. ಒಂದೊಂದು ತಪ್ಪು ದಿನಾಂಕವನ್ನೂ ಸರ್ವರ್ ದಾಖಲಿಸಿದ ನೋಂದಣಿ ಸಮಯದೊಂದಿಗೆ ಹೋಲಿಸಿ, ಕೈಯಾರೆ ತಿದ್ದಿದೆ.